ಸಣ್ಣೀರನ ಆಲೂಗಡ್ಡೆ ಅಚ್ಚು

ಓಬಕ್ಕನ ಮಗ ಸಣ್ಣೀರನ ಕತೆ ಹೇಳ್ತೀನಿ, ಹತ್ತಿರ ಬಂದು ಕೂತ್ಕೊಳ್ಳಿ. ನಗೋದಾದ್ರೆ ಕೊನೇಲಿ ನಗಿ. ನಡುನಡುವೆ ನಕ್ಕರೆ ನನಗೆ ಎಳೆ ತಪ್ಪಿಹೋಗುತ್ತೆ.

ಸಣ್ಣೀರ ನಾಲ್ಕನೇ ಕ್ಲಾಸು. ಪೆದ್ದ. ಪೆದ್ದ ಅಂದ್ರೆ ಎಂಥಾ ಪೆದ್ದ? ಹೇಳಿದ ಮಾತು ಕೇಳದ ಪೆದ್ದರು ಊರಿಗೆ ಹತ್ತು ಜನ ಸಿಗ್ತಾರೆ. ಇವನು ಹೇಳಿದ ಮಾತನ್ನ ಚೂರೂ ಬಿಡದೆ ಕೇಳೋ ಪೆದ್ದ. ಅವನ ಧೈರ್ಯ ನೋಡ್ಬೇಕು ನೀವು. ತಪ್ಪು ಮಾಡೋವಾಗ ಎದೆ ಉಬ್ಬಿರೋದು, ಬೈಸ್ಕೊಂಡ ಮೇಲೂ ಉಬ್ಬೇ ಇರೋದು. ಯಾರು ಏನು ಬೈದ್ರೂ "ಈಗ ಗೊತ್ತಾಯ್ತು ಬಿಡು" ಅಂತಿದ್ದ.

ಅವರವ್ವ ಓಬಕ್ಕ ಅದೇ ಶಾಲೇಲಿ ಬಿಸಿಯೂಟ ಮಾಡೋಳು. ಅಡುಗೆಕೋಣೆ ಬಾಗಿಲಿಗೆ ಸರಿಯಾಗಿ ಎದುರಿಗೆ ವರಾಂಡದ ಗೋಡೆ. ಮಕ್ಕಳು ಬರೆದ ಚಿತ್ರಗಳನ್ನೆಲ್ಲ ಅಲ್ಲೇ ಅಂಟಿಸೋದು. ನಾಲ್ಕು ವರ್ಷದಿಂದ ಓಬಕ್ಕ ಸಾರು ತಿರುವ್ತಾ ತಿರುವ್ತಾ ಆ ಗೋಡೆ ನೋಡ್ತಾ ಬಂದಿದ್ಲು. ಅವರ ಮಗಳ ನವಿಲು ಉಂಟು, ಇವರ ಮಗನ ಟ್ರ್ಯಾಕ್ಟರು ಉಂಟು, ತನ್ನ ಮಗನದು ಒಂದು ಗೆರೆಯೂ ಇಲ್ಲ. ಮಗ ಡಿ.ಸಿ. ಆಗೋದು ಬೇಡಪ್ಪ, ಆ ಗೋಡೆ ಮೇಲೆ ಅವನದು ಅಂತ ಒಂದು ಬಂದ್ರೆ ಸಾಕು ಅಂತಿದ್ಲು.

ಆ ವರ್ಷ ಶಾಲೆಗೆ ಜುಬೇದಾ ಮಿಸ್ ಅಂತ ಹೊಸಬರು ಬಂದ್ರು. ಒಂದು ಶನಿವಾರ ತಾಯಿತಂದೆಯರ ಸಭೆ ಇಟ್ಟಿದ್ರು. ಅದಕ್ಕೋಸ್ಕರ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ರು. ನಾಲ್ಕನೇ ಕ್ಲಾಸಿನವರೆಲ್ಲ ಅಚ್ಚಿನ ಚಿತ್ರ ಮಾಡ್ಬೇಕು, ಚೆನ್ನಾಗಿ ಬಂದದ್ದು ಗೋಡೆಗೆ ಹೋಗುತ್ತೆ ಅಂದ್ರು ಮಿಸ್. ತರಕಾರಿ ಕೊರಿ, ಬಣ್ಣ ಹಚ್ಚು, ಕಾಗದಕ್ಕೆ ಒತ್ತು, ಅಚ್ಚು ಬಿತ್ತು. ನಾಳೆ ಒಂದೊಂದು ಆಲೂಗಡ್ಡೆ ತನ್ನಿ ಅಂತ ಕಳಿಸಿದ್ರು.

ಬುಧವಾರ ಸಣ್ಣೀರ ಆಲೂಗಡ್ಡೆ ತಂದ. ಎಲ್ಲಿಂದ ತಂದ? ಪಲ್ಯಕ್ಕೆ ಅಂತ ಓಬಕ್ಕ ಬೇಯಿಸಿ ಸಿಪ್ಪೆ ಸುಲಿದಿಟ್ಟಿದ್ದ ಪಾತ್ರೆಯಿಂದ. ಎಲ್ಲರದಕ್ಕಿಂತ ನುಣ್ಣಗಿದೆ ಅಂತ ಬೇರೆ ಜಂಬ. ಬಣ್ಣದಲ್ಲಿ ಅದ್ದಿ ಒತ್ತಿದ ನೋಡಿ, ಕಾಗದದ ತುಂಬ ನೀಲಿ ಪಲ್ಯ. ಇದು ದೋಸೆಗೆ ಆಗುತ್ತೆ, ಅಚ್ಚಿಗೆ ಆಗಲ್ಲ ಅಂದ್ರು ಮಿಸ್. ಸಂಜೆ ಓಬಕ್ಕ ತಲೆ ಚಚ್ಕೊಂಡು ಬುದ್ಧಿ ಹೇಳಿದ್ಲು. ಒತ್ತೋ ವಸ್ತು ಮೆತ್ತಗಿರಬಾರದು ಕಣಪ್ಪ, ಗಟ್ಟಿಯಾಗಿರಬೇಕು, ಬಗ್ಗಿಸಿದ್ರೆ ಬಗ್ಗಬಾರದು ಅಂದ್ಲು.

"ಈಗ ಗೊತ್ತಾಯ್ತು ಬಿಡವ್ವ" ಅಂದ ಸಣ್ಣೀರ.

ಗುರುವಾರ ಎಲೆ ಅಚ್ಚು. ಎಲ್ಲರೂ ದಾಸವಾಳದ ಎಲೆ, ಅರಳಿ ಎಲೆ ತಂದ್ರು. ಸಣ್ಣೀರ ದಾಸವಾಳದ ಎಲೆ ಬಗ್ಗಿಸಿದ, ಬಗ್ಗಿತು, ಎಸೆದ. ಅರಳಿ ಎಲೆ ಬಗ್ಗಿಸಿದ, ಅದೂ ಬಗ್ಗಿತು, ಅದನ್ನೂ ಎಸೆದ. ಮನೆ ಅಟ್ಟದ ಮೇಲೆ ಕಡ್ಡಿ ಚುಚ್ಚಿ ಹಚ್ಚಿಟ್ಟಿದ್ದ ಮುತ್ತುಗದ ಊಟದೆಲೆಯ ಒಂದು ಕಟ್ಟು ಇತ್ತು, ಒಣಗಿ ಎರಡು ವರ್ಷ ಆಗಿತ್ತು. ಅದು ಬಗ್ಗಲಿಲ್ಲ. ಗೆದ್ದೆ ಅಂತ ಕಟ್ಟು ಸಮೇತ ತಗೊಂಡು ಹೋದ. ಬಣ್ಣ ಹಚ್ಚಿ ಒತ್ತಿದ ತಕ್ಷಣ ಹಪ್ಪಳದ ಹಾಗೆ ಪುಡಿಪುಡಿ. ನೆಂಟರು ಬಂದ್ರೆ ಬಡಿಸೋ ಎಲೆಯೂ ಹೋಯ್ತು, ಅಚ್ಚೂ ಬೀಳಲಿಲ್ಲ. ಓಬಕ್ಕ ಅವತ್ತು ಕೂತು ತಾಳ್ಮೆಯಿಂದ ಹೇಳಿದ್ಲು, ಶಾಲೆಗೆ ಏನೇ ತಗೊಂಡು ಹೋದ್ರೂ ಅವತ್ತಿನದು ಅವತ್ತೇ ತಾಜಾ ತಗೊಂಡು ಹೋಗಪ್ಪ, ಹಳೇದನ್ನ ಕೈಲೂ ಮುಟ್ಟಬೇಡ ಅಂತ.

"ಈಗ ಗೊತ್ತಾಯ್ತು ಬಿಡವ್ವ."

ಶುಕ್ರವಾರ ಮಿಸ್ ಕೇಳಿದ್ದೇನು? ಬಣ್ಣ ನೆಲಕ್ಕೆ ಬೀಳದ ಹಾಗೆ ಕೆಳಗೆ ಹಾಸೋಕೆ ಹಳೇ ಪೇಪರು. ಮನೇಲಿ ಹಳೇ ಪೇಪರು ರಾಶಿ ಇತ್ತು, ಸಣ್ಣೀರ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಟೀ ಅಂಗಡಿಗೆ ಹೋದ. ಅಲ್ಲಿ ಶಾಲೆ ಸಮಿತಿ ಅಧ್ಯಕ್ಷ ಕರಿಯಣ್ಣ ಅವತ್ತಿನ ಪೇಪರು ಬಿಡಿಸ್ಕೊಂಡು ಕೂತಿದ್ದ. ಹುಡುಗ ಅದನ್ನ ಅವನ ಕೈಯಿಂದಲೇ ಎಳ್ಕೊಂಡು ಓಡಿದ. ಕರಿಯಣ್ಣ ಟೀ ಲೋಟ ಹಿಡ್ಕೊಂಡೇ ಶಾಲೆ ತನಕ ಹಿಂದೆ ಬಂದ. ಅಷ್ಟು ಹೊತ್ತಿಗೆ ಪೇಪರಿನ ಮೇಲೆ ಮೂರು ಬಟ್ಟಲು ಬಣ್ಣ ಕೂತಾಗಿತ್ತು. ಓಬಕ್ಕ ಸೌಟು ಬಿಟ್ಟು ಬಂದು ಅಧ್ಯಕ್ಷರಿಗೆ ಕೈ ಮುಗಿದ್ಲು. ಅವಳಿಗೆ ನಾಚಿಕೆ ಅಂದ್ರೆ ನಾಚಿಕೆ. ಮಗನನ್ನ ಮೂಲೆಗೆ ಕರೆದು, ಇನ್ನೊಬ್ಬರ ಕೈಲಿರೋದು ನಿನಗ್ಯಾಕೋ, ನಿನ್ನ ಚೀಲದೊಳಗೆ ಪುಸ್ತಕ ಇಲ್ವಾ, ಅದನ್ನ ನೋಡು, ಅದರಲ್ಲಿ ಹೇಗಿದೆಯೋ ಹಾಗೇ ಮಾಡು ಅಂದ್ಲು.

"ಈಗ ಗೊತ್ತಾಯ್ತು ಬಿಡವ್ವ."

ಶನಿವಾರ ಬಂತು. ಹನ್ನೊಂದಕ್ಕೆ ಸಭೆ. ಬೆಳಿಗ್ಗೆ ಮಿಸ್ ತಾವೇ ಹಸೀ ಆಲೂಗಡ್ಡೆ ಕೊಯ್ದು ಒಬ್ಬೊಬ್ಬರಿಗೆ ಅರ್ಧರ್ಧ ಕೊಟ್ರು. ನಿಮ್ಮ ನಿಮ್ಮ ಹೆಸರಿನ ಮೊದಲ ಅಕ್ಷರ ಕೊರೀಬೇಕು, ಆದ್ರೆ ಕನ್ನಡೀಲಿ ಕಾಣೋ ಹಾಗೆ ತಿರುಗಿಸಿ ಕೊರೀರಿ, ಆಗ ಕಾಗದದ ಮೇಲೆ ನೆಟ್ಟಗೆ ಬೀಳುತ್ತೆ ಅಂದ್ರು. ಸುತ್ತ ಬೆಂಡೆಕಾಯಿ ಅಡ್ಡ ಕೊಯ್ದು ಒತ್ತಿ, ಐದೆಸಳಿನ ಹೂ ಬರುತ್ತೆ ಅಂದ್ರು. ಇಪ್ಪತ್ತೆರಡು ಮಕ್ಕಳು ತಿರುಗಿಸಿ ಕೊರೆದ್ರು. ಸಣ್ಣೀರ ಚೀಲದಿಂದ ಪುಸ್ತಕ ತೆಗೆದ, ಅದರಲ್ಲಿ 'ಸ' ಹೇಗಿದೆಯೋ ಹಾಗೇ ಕೊರೆದ.

ಹೂಗಳು ಎಷ್ಟು ಚಂದ ಬಂದವು ಅಂತೀರಿ! ಇಡೀ ಕ್ಲಾಸಿನಲ್ಲಿ ಅಂಥ ಹೂ ಯಾರದೂ ಇಲ್ಲ. ನಡುವೆ 'ಸ' ಮಾತ್ರ ಬೆನ್ನು ತಿರುಗಿಸಿ ಕೂತಿತ್ತು. ಮಿಸ್ ಅದನ್ನ ಬಹಳ ಹೊತ್ತು ನೋಡಿದ್ರು, ಅಡುಗೆಕೋಣೆಯಿಂದ ಬಂದು ನಿಂತಿದ್ದ ಓಬಕ್ಕನ ಕಡೆ ತಿರುಗಿದ್ರು. ಹೂ ನೋಡಿದ್ರೆ ಹಾಕೋಣ ಅನ್ಸುತ್ತೆ, ಆದ್ರೆ ಹೆಸರಿನ ಅಕ್ಷರವೇ ತಿರುಗಾಮುರುಗಾ ಆದದ್ದನ್ನ ಜನರೆದುರು ಹೇಗೆ ಹಾಕಲಿ ಓಬಕ್ಕ ಅಂದ್ರು. ಓಬಕ್ಕನಿಗೆ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸ್ಕೊಂಡ್ಲು. ಈ ಸಲ ಬೈಯೋಕೂ ಅವಳಿಗೆ ತ್ರಾಣ ಇರಲಿಲ್ಲ.

"ತಿರುಗಿಸ್ಬೇಕಿತ್ತಂತೆ ಕಣೋ ಮಗನೇ. ಇನ್ಮೇಲಾದ್ರೂ ಏನು ಒತ್ತೋದಿದ್ರೂ ತಿರುಗಿಸಿ ಒತ್ತು, ನೆಟ್ಟಗಾಗುತ್ತೆ" ಅಂದ್ಲು.

ಸಣ್ಣೀರ ತಲೆ ಆಡಿಸಿದ.

ಅಷ್ಟರಲ್ಲಿ ಗೇಟಿನ ಹತ್ತಿರ ಜನ ಬಂದ್ರು, ಹೆಡ್ಮಾಸ್ಟರು ಮಿಸ್ಸನ್ನ ಕರೆದ್ರು. ಮಿಕ್ಕ ಮಕ್ಕಳೆಲ್ಲ ಕೈ ತೊಳೆಯೋಕೆ ನಲ್ಲಿ ಹತ್ರ ಇದ್ರು. ಮಿಸ್ಸಿಗೆ ಸಣ್ಣೀರನ ಮುಖ ನೋಡಿ ಕನಿಕರ ಬಂತು. ಇವನಿಗೂ ಒಂದು ಕೆಲಸ ಅಂತ ಆಗಲಿ ಅಂದ್ಕೊಂಡು, ಮೇಜಿನ ಮೇಲಿರೋ ಚಿತ್ರ ಎಲ್ಲಾ ಗೋಡೆಗೆ ಹಾಕಪ್ಪ, ಗೋಂದು ಪಕ್ಕದಲ್ಲೇ ಇದೆ, ಚೆನ್ನಾಗಿ ಒತ್ತು ಅಂತ ಹೇಳಿ ಹೋದ್ರು.

ಎಲ್ಲಾ ಅಂದ್ರು. ಎಲ್ಲಾ ಅಂದ್ಮೇಲೆ ಸಣ್ಣೀರನದೂ ಎಲ್ಲದರೊಳಗೇ ಬಂತು. ಒತ್ತು ಅಂದ್ರು. ಒತ್ತು ಅಂದ್ಮೇಲೆ ತಿರುಗಿಸ್ಬೇಕು. ಬಣ್ಣ ಇನ್ನೂ ಹಸಿ. ಒಂದೊಂದೇ ಕಾಗದ ಎತ್ತಿದ, ಚಿತ್ರದ ಮುಖ ಗೋಡೆಗೆ ಮಾಡಿದ, ಅಂಗೈಯಲ್ಲಿ ಒತ್ತಿದ, ಮೊಣಕೈಯಲ್ಲಿ ಉಜ್ಜಿದ, ಮೆಲ್ಲಗೆ ಸುಲಿದ. ಸುಲಿದ ಕಾಗದವನ್ನ ಮಡಚಿ ಕಸದ ಬುಟ್ಟಿಗೆ ಹಾಕಿದ. ಗೋಂದು ಮುಟ್ಟಲೇ ಇಲ್ಲ.

ಜನ ಒಳಗೆ ಬಂದ್ರು. ಸುಣ್ಣದ ಗೋಡೆ ತುಂಬ ಹೂವೋ ಹೂವು. ನಡುವೆ ಇಪ್ಪತ್ಮೂರು ಅಕ್ಷರ. ಇಪ್ಪತ್ತೆರಡು ಅಕ್ಷರ ತಿರುಗಾಮುರುಗಾ ಆಗಿ ಆ ಕಡೆಗೆ ಮುಖ ಮಾಡಿದ್ವು. ಕರಿಯಣ್ಣ ಮೊಮ್ಮಗಳ ಅಕ್ಷರ ಹುಡುಕ್ತಾ ಕುತ್ತಿಗೆ ವಾಲಿಸಿ ವಾಲಿಸಿ ಸುಸ್ತಾದ. ಒಂದೇ ಒಂದು ಅಕ್ಷರ ಪುಸ್ತಕದಲ್ಲಿ ಇದ್ದ ಹಾಗೇ ನೆಟ್ಟಗೆ ನಿಂತಿತ್ತು. ಅದು 'ಸ'.

ಹೆಡ್ಮಾಸ್ಟರು ಮೊದಲು ಅವನ್ನೆಲ್ಲ ತೆಗಿ ಅಂತ ಗದರಿದ್ರು. ತೆಗೆಯೋಕೆ ಬರಲ್ಲ ಸಾರ್, ಗೋಡೆ ಕೀಳಬೇಕು ಅಂದ ಹುಡುಗ. ಓಬಕ್ಕ ಅಡುಗೆಕೋಣೆ ಬಾಗಿಲಲ್ಲಿ ನಿಂತಿದ್ಲು. ಓದು ಬರಲ್ಲ ಅವಳಿಗೆ, ಆದ್ರೆ ಮಗನ ಹೆಸರಿನ ಅಕ್ಷರ ಗೊತ್ತಿಲ್ದೆ ಇರುತ್ತಾ? ಅತ್ತಳೋ ನಕ್ಕಳೋ ದೇವರಿಗೇ ಗೊತ್ತು, ಒಲೆ ಮೇಲಿನ ಸಾರು ಮಾತ್ರ ಉಕ್ಕಿ ಹರೀತಿತ್ತು.

ಮಿಸ್ ಹಣೆಗೆ ಕೈ ಹಚ್ಕೊಂಡು, ಇದೇನೋ ಸಣ್ಣೀರ ಅಂದ್ರು. ಸಣ್ಣೀರ ಗೋಡೇನ ಈ ತುದಿಯಿಂದ ಆ ತುದಿ ತನಕ ನೋಡಿದ. ಎದೆ ಉಬ್ಬಿಸಿದ.

"ಬೇಜಾರು ಮಾಡ್ಕೋಬೇಡಿ ಮಿಸ್. ನಂದೊಂದು ಬಿಟ್ಟು ಎಲ್ಲರೂ ತಪ್ಪು ಕೊರೆದಿದ್ದಾರೆ. ಸೋಮವಾರ ನಾನೇ ಎಲ್ಲರಿಗೂ ಹೇಳಿಕೊಡ್ತೀನಿ ಬಿಡಿ" ಅಂದ.