ಅಪರೂಪದ ಗೇರ್‌ಬಾಕ್ಸು

ಇನ್ನೊಮ್ಮೆ ಮಂಜಿನಲ್ಲಿ ತೇಲುತ್ತಾ ನಂದಿಬೆಟ್ಟ ಹತ್ತಬೇಕೆಂದು ತೊಂಬತ್ತು ವರ್ಷದ ಕಾರೊಂದು ಶೆಡ್ಡಿನಲ್ಲಿ ನಿಂತು ಹಗಲಿಡೀ ಕನಸು ಕಾಣುತ್ತಿತ್ತು. ಅದರ ಗೇರ್‌ಬಾಕ್ಸು ಏರಿನಲ್ಲಿ ನರಳುತ್ತಿದ್ದುದರಿಂದ ಯಜಮಾನ ಚಂಗಪ್ಪನವರು ಎಂಟು ವರ್ಷ ಹುಡುಕಿ, ಆ ಕಾಲದಲ್ಲೇ ಬೇರೊಂದು ಕಂಪನಿ ಮಾಡಿದ್ದ ಗೇರ್‌ಬಾಕ್ಸನ್ನು ತರಿಸಿ ಕೂರಿಸಿದರು.

"ನನ್ನಂಥವು ಲೋಕದಲ್ಲಿ ಮೂರೇ ಉಳಿದಿವೆ, ಅಜ್ಜಿ," ಎಂದು ಹೊಸದಾಗಿ ಬಂದ ಗೇರ್‌ಬಾಕ್ಸು ಕಾರಿಗೆ ಹೇಳಿತು.

"ಇರಲಿ ಮಗಾ, ಬೆಟ್ಟ ಹತ್ತುತ್ತೀಯಾ?"

"ಹತ್ತದೆ ಏನು! ಆದರೆ ಹಲ್ಲು ಸವೆದರೆ ನನಗೆ ಬದಲಿ ಎಲ್ಲಿದೆ?"

ಚಂಗಪ್ಪನವರಿಗೂ ಅದೇ ಚಿಂತೆ. ಹಳೆ ಕಾರುಗಳ ಮೆರವಣಿಗೆ ನಂದಿಗೆ ಹೊರಟ ದಿನ ನಾಲ್ಕು ಜನರಿಂದ ಕಾರನ್ನು ತಳ್ಳಿಸಿ ಲಾರಿಗೆ ಏರಿಸಿದರು. ತಿರುವುಗಳು ಬಂದವು, ಮಂಜೂ ಬಂತು.

"ನೋಡಿದೆಯಾ ಅಜ್ಜಿ, ಒಂದಿಷ್ಟೂ ಕುಲುಕದೆ ಹತ್ತುತ್ತಿದ್ದೇನೆ!" ಎಂದಿತು ಗೇರ್‌ಬಾಕ್ಸು.

ಅಜ್ಜಿ ಕೆಳಗೆ ಲಾರಿ ಗೇರು ಬದಲಿಸುವ ಸದ್ದನ್ನು ಆಸೆಯಿಂದ ಕೇಳಿಸಿಕೊಳ್ಳುತ್ತಾ ನಿಂತಿತ್ತು.