ಶಾನುಭೋಗರ ದಫ್ತರ

ಕಂಪ್ಯೂಟರೊಂದರ ಡಿಸ್ಕಿನಲ್ಲಿ ಯಾವ ಫೈಲು ಎಷ್ಟು ಜಾಗ ಹಿಡಿದಿದೆಯೆಂದು ಮರೆಯಲ್ಲಿ ಕೂತು ಬರೆದಿಡುವ ಪ್ರೋಗ್ರಾಮೊಂದಿತ್ತು. ಫೈಲುಗಳೆಲ್ಲ ಅದನ್ನು ಶಾನುಭೋಗರೆಂದು ಕರೆದು ಕೈಮುಗಿಯುತ್ತಿದ್ದವು.

ಒಂದು ದಿನ ಡಿಸ್ಕು ಏದುಸಿರು ಬಿಡುತ್ತಾ, "ಶಾನುಭೋಗರೇ, ಜಾಗ ಮುಗಿಯಿತು. ಯಾರನ್ನು ಕಳಿಸಲಿ?" ಎಂದಿತು.

"ಫೋಟೋಗಳನ್ನು ಕಳಿಸಪ್ಪ," ಎಂದರು ಶಾನುಭೋಗರು. ಹೋದ ಒಂದೊಂದು ಫೋಟೋಗೂ ಪುರಾವೆ ಇರಲೆಂದು ಮೂರು ನಕಲು ತೆಗೆದು ತಮ್ಮ ದಫ್ತರಕ್ಕೆ ಸೇರಿಸಿಕೊಂಡರು. ಜಾಗ ಇನ್ನೂ ಕಡಿಮೆಯಾಯಿತು. ಹಾಡುಗಳೂ ಹೋದವು, ಅವಕ್ಕೂ ಮೂರು ನಕಲಾಯಿತು.

ಕೊನೆಗೆ ಉಳಿದದ್ದು ಎರಡು ಸಾಲಿನ ಒಂದು ಪತ್ರ. "ಸ್ವಾಮಿ, ತಮ್ಮ ದಫ್ತರ ಎಷ್ಟು ಜಾಗ ಹಿಡಿದಿದೆ?" ಎಂದು ಅದು ಕೇಳಿತು.

"ಅಳೆಯುವವರನ್ನು ಅಳೆಯುವ ಪದ್ಧತಿ ನಮ್ಮಲ್ಲಿಲ್ಲ," ಎಂದು ಗದರಿ ಶಾನುಭೋಗರು ಅದನ್ನೂ ಹೊರದಬ್ಬಿಸಿದರು. ಆಮೇಲೆ ವರದಿ ಬರೆದರು: "ಡಿಸ್ಕಿನಲ್ಲಿ ಈಗ ಯಾರೂ ಇಲ್ಲ. ಆದರೂ ಜಾಗವಿಲ್ಲ. ಕಾರಣ ಪರಿಶೀಲನೆಯಲ್ಲಿದೆ."