ಬದುವಿನಾಚೆಯ ಗಾಂಜಾ ಗಿಡ

ಬಿಸಿಲು ನೆಲವನ್ನು ರೊಟ್ಟಿಯ ಹಂಚಿನಂತೆ ಕಾಯಿಸುವ ಸೀಮೆಯಲ್ಲಿ ಒಂದು ಹೆಣ್ಣು ಗಾಂಜಾ ಗಿಡವಿತ್ತು. ಪಕ್ಕದಲ್ಲೇ ಒಂದು ಗಂಡು ಗಿಡ. ಎಳವೆಯಲ್ಲಿ ಎರಡೂ ಒಂದೇ ಕೊಡದ ನೀರು ಕುಡಿದು, ಮಧ್ಯಾಹ್ನವಾದರೆ ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು. ಗಂಡಿನ ಪರಾಗ ಬಿದ್ದರೆ ಹೆಣ್ಣು ಬೀಜ ಕಟ್ಟುತ್ತದೆ, ಘಮ ಇಳಿಯುತ್ತದೆ ಎಂದು ತೋಟದ ಭರಮಣ್ಣನಿಗೆ ಗೊತ್ತಿತ್ತು. ಗಂಡಿನಲ್ಲಿ ಮೊಗ್ಗು ಕಂಡಿದ್ದೇ ತಡ, ಅದನ್ನು ಕಿತ್ತು ಬದುವಿನಾಚೆ ಎಸೆದ.

ಹೆಣ್ಣು ಗಿಡ ಕಾಯುತ್ತಾ ನಿಂತಿತು. ಕಾದಷ್ಟೂ ಹೂವಿನಲ್ಲಿ ಅಂಟು ಜಿನುಗಿ ಘಮ ಹೆಚ್ಚಿತು. "ಏನ್ ಘಮ ಐತಿ ನಿಂದು!" ಎಂದು ಭರಮಣ್ಣ ದಿನಾ ಹೊಗಳಿದ.

ಒಂದು ಸಂಜೆ ಬಿಸಿಗಾಳಿ ಬಂದು ಕೇಳಿತು: "ಇಷ್ಟು ಹೊಗಳಿಕೆ ಸಿಕ್ಕರೂ ಮಂಕಾಗಿರುವೆಯೇಕೆ?"

"ಈ ಘಮವೆಲ್ಲ ಕಾದು ಕಾದು ಬಂದದ್ದು. ಬದುವಿನಾಚೆಯಿಂದ ಬಂದೆಯಲ್ಲ, ಅವನು ಹೇಗಿದ್ದಾನೆ?"

"ಒಂದೇ ಒಂದು ಬೇರು ಮಣ್ಣು ಹಿಡಿದು ಜೀವ ಉಳಿದಿತ್ತು. ಇವತ್ತು ಒಂದು ಮೊಗ್ಗು ಬಿರಿಯಿತು. ಅದರ ಪರಾಗ ನನ್ನ ಮೈಮೇಲಿದೆ. ಕೊಟ್ಟರೆ ನಿನ್ನ ಘಮ ಹೋಗುತ್ತದೆ, ಯೋಚಿಸು."

"ಯೋಚಿಸುವುದೇನಿದೆ? ಉದುರಿಸು," ಎಂದಿತು ಗಿಡ.

ಘಮ ಇಳಿಯಿತು, ಬೀಜ ತುಂಬಿತು. "ಥೂ, ಕೆಟ್ಟುಹೋತು!" ಎಂದು ಭರಮಣ್ಣ ಅದನ್ನೂ ಕಿತ್ತು ಅಲ್ಲಿಗೇ ಎಸೆದ. ಅಷ್ಟರಲ್ಲಿ ಗಂಡು ಗಿಡ ಒಣಗಿಹೋಗಿತ್ತು. ಹೆಣ್ಣು ಗಿಡ ಹಿಂದಿನ ಮಧ್ಯಾಹ್ನಗಳಲ್ಲಿ ಒರಗುತ್ತಿದ್ದಂತೆಯೇ ಅದಕ್ಕೆ ಒರಗಿ, ಬೀಜಗಳನ್ನೆಲ್ಲ ಅದರ ಬುಡಕ್ಕೆ ಸುರಿಯಿತು.

ಮೊದಲ ಮಳೆಗೆ ಆ ಬದುವಿನಾಚೆ, ಯಾರೂ ಬಂದು ಕೀಳದ ಜಾಗದಲ್ಲಿ, ಗಂಡೂ ಹೆಣ್ಣೂ ಒಟ್ಟಿಗೇ ಮೊಳೆತವು.